ಗುಜರಿಗೆ ಹೇಳಿದ ಮಹರ್

“ಮಾರೋದಾದ್ರೆ ಮಾರು ಮಗಳೇ, ಬೇಡ ಅನ್ನಲ್ಲ. ಆದ್ರೆ ಅದರ ಮಹರ್ ನಿನ್ನ ಬಾಯಿಂದ ಬರಬಾರ್ದು,” ಎಂದರು ಅತ್ತೆ ಮಾರ್ಸಿಯೆಮ್. ಮಲ್ಲಿಗೆ ಚಹಾದ ಲೋಟ ಅವರ ಕೈಯಲ್ಲಿತ್ತು. “ಇನ್ನೊಂದು ಮಾತು. ಕೈ ಕುಲುಕೋ ಹೊತ್ತಿಗೆ ನೀನು ಆ ಕಾರೊಳಗೆ ಕೂತಿರಬೇಡ. ಮಾತು ಮುಗಿದ ಮೇಲೆ ಒಳಗಿದ್ದೋರು ಕೊಂಡವನ ಪಾಲು.”

ವಿನಾರ್ನಿ ಕಿಸಕ್ಕನೆ ನಕ್ಕಳು. “ಅದು ಕಾರು ಇಬು, ಮದುವೆ ಹೆಣ್ಣಲ್ಲ,” ಎಂದಳು. ಅತ್ತೆ ಅವಳಿಗೆ ಇಬು, ಅಂದರೆ ಅಮ್ಮ.

“ಈ ಮನೇಲಿ ಅದು ಹೆಣ್ಣೇ,” ಎಂದು ಅತ್ತೆ ಲೋಟ ಕೆಳಗಿಟ್ಟರು.

ಜಾವಾದ ಸೋಲೊ ಊರಿನಲ್ಲಿ ವಂಶದ ಕ್ರಿಸ್ ಕತ್ತಿಯನ್ನಾಗಲಿ ಹಳೆಯ ಕಾರನ್ನಾಗಲಿ ಕೈಬಿಡುವಾಗ ಯಾರೂ ಬೆಲೆ ಎನ್ನುವುದಿಲ್ಲ. ಮಹರ್ ಎನ್ನುತ್ತಾರೆ, ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡುವ ಹಾಗೆ. ಇಷ್ಟು ಕೊಡು ಎಂದು ಬಾಯಿಬಿಟ್ಟು ಕೇಳುವವಳು ಅಲ್ಲಿ ಮದುವೆ ಹೆಣ್ಣೇ. ಜಕಾರ್ತಾದಲ್ಲಿ ಹುಟ್ಟಿ ಬೆಳೆದು ಎರಡನೆಯ ಹೆಂಡತಿಯಾಗಿ ಈ ಮನೆಗೆ ಬಂದ ವಿನಾರ್ನಿಗೆ ಇದು ವ್ಯಾಪಾರಿಗಳ ಬಣ್ಣದ ಮಾತಾಗಿ ಕಂಡಿತ್ತು. ಪಾಪ, ಅವಳನ್ನು ದೂರಿ ಏನು ಪ್ರಯೋಜನ? ಹೊಟ್ಟೆಕಿಚ್ಚು ಹತ್ತಿದ ಹೆಂಗಸಿಗೆ ಊರಿನ ಪದ್ಧತಿ ತಿಳಿಯುವ ವ್ಯವಧಾನ ಎಲ್ಲಿರುತ್ತದೆ!

ಕಾರು ಕಡುಹಸಿರು ಬಣ್ಣದ್ದು, ಅರವತ್ತರ ದಶಕದ ಜರ್ಮನ್ ಗಾಡಿ. ಗಂಡ ಕುಸ್ಮಂತೊನ ಮೊದಲ ಹೆಂಡತಿ ಸೆಕಾರ್ ಅದನ್ನು ತವರಿನಿಂದ ತಂದಿದ್ದಳು, ತಾನೇ ಓಡಿಸುತ್ತಿದ್ದಳು. ಕಾಯಿಲೆ ಬಿದ್ದ ಮೇಲೂ ಹಾಸಿಗೆಗಿಂತ ಅದರ ಸೀಟಿನಲ್ಲೇ ಹೆಚ್ಚು ಹೊತ್ತು ಕಳೆದಿದ್ದಳು. ಅವಳು ಸತ್ತ ಮೇಲೆ ಅದು ಶೆಡ್ಡಿನಿಂದ ಕದಲಿರಲಿಲ್ಲ. ಆದರೆ ಪ್ರತಿ ಗುರುವಾರ ಸಂಜೆ ಕುಸ್ಮಂತೊ ಅದನ್ನು ಹೂವಿನ ನೀರಿನಲ್ಲಿ ತೊಳೆಯುತ್ತಿದ್ದ. ಬಾಗಿಲಿನ ಹಿಡಿ ಒರೆಸುವಾಗ ಗಂಡನ ಕೈ ನಿಧಾನವಾಗುವುದನ್ನು ವಿನಾರ್ನಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಅವಳ ಮೈಮೇಲೆ ಆ ಕೈ ಎಂದೂ ಅಷ್ಟು ನಿಧಾನವಾದದ್ದಿಲ್ಲ. ಅವನು ಒಳಗೆ ಬಂದರೆ ಅಂಗಿಯಲ್ಲಿ ಹಳೆಯ ಚರ್ಮದ, ಬಿಳಿ ಸಂಪಿಗೆಯ ವಾಸನೆ. ಬೇರೊಬ್ಬಳ ಹತ್ತಿರ ಹೋಗಿ ಬಂದ ಗಂಡಸಿನ ವಾಸನೆ ಅದು ಎಂದು ಅವಳಿಗೆ ಅನಿಸುತ್ತಿತ್ತು. ಆ ಕಾರಿನಲ್ಲಿ ಒಮ್ಮೆಯೂ ಅವನು ಅವಳನ್ನು ಕೂರಿಸಿರಲಿಲ್ಲ.

“ಅದಿರ್ಬೇಕು, ಇಲ್ಲ ನಾನಿರ್ಬೇಕು,” ಎಂದು ಅವಳು ಪಟ್ಟು ಹಿಡಿದಳು. ಕುಸ್ಮಂತೊ ಊಟ ಬಿಟ್ಟ, ಮಾತು ಬಿಟ್ಟ, ಕೊನೆಗೆ ಸೋತ. “ಮಾರು. ಆದ್ರೆ ಎಷ್ಟು ಅಂತ ನನ್ನ ಕೇಳ್ಬೇಡ,” ಎಂದ.

ಸುದ್ದಿ ಹಬ್ಬಿದ್ದೇ ತಡ, ಸೆಮಾರಾಂಗಿನ ಸಂಗ್ರಾಹಕನೊಬ್ಬ ಫೋನು ಮಾಡಿದ. “ಎಲ್ಲಾ ಒರಿಜಿನಲ್ ಅಲ್ವಾ ಮೇಡಂ? ತೊಂಬತ್ತು ಕೋಟಿ ರೂಪಿಯಾ ಕೇಳಿ, ಕಣ್ಮುಚ್ಚಿ ಕೊಡ್ತೀನಿ. ಸೆಕಾರ್ ಕೈಲಿದ್ದ ಗಾಡಿ ಅಂದ್ರೆ ಸುಮ್ನೇನಾ?”

ನಮ್ಮ ದುಡ್ಡಿನಲ್ಲಿ ಅದು ಸುಮಾರು ಅರ್ಧ ಕೋಟಿ; ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ವಿನಾರ್ನಿ ಫೋನು ಕುಕ್ಕಿಟ್ಟಳು. ಸತ್ತವಳು ಕೂತೆದ್ದ ಸೀಟಿಗೆ ತೊಂಬತ್ತು ಕೋಟಿ! ನಿಕಾಹ್ ದಿನ ಇದೇ ಕುಸ್ಮಂತೊ ಅವಳಿಗೆ ಕೊಟ್ಟ ಮಹರ್ ಒಂದು ಜೊತೆ ನಮಾಜಿನ ಉಡುಪು, ಒಂದು ಸಣ್ಣ ಬಂಗಾರದ ಉಂಗುರ. ಅಂದು ಅದು ಸರಳತೆಯಾಗಿ ಕಂಡಿತ್ತು, ಇಂದು ಮುಖಕ್ಕೆ ಉಗುಳಿದ ಹಾಗೆ ಕಂಡಿತು. ಆ ಕಾರಿನ ಮಹರ್ ತನ್ನ ಉಂಗುರಕ್ಕಿಂತ ಕೆಳಗಿರಬೇಕು ಎಂದು ಅವಳು ಅಲ್ಲೇ ತೀರ್ಮಾನಿಸಿದಳು. ಗುಜರಿ ಕಬ್ಬಿಣದ ದರ ವಿಚಾರಿಸಿ, ಕಾರಿನ ತೂಕಕ್ಕೆ ಗುಣಿಸಿ, ಬಂದ ಮೊತ್ತವನ್ನು ಸಂಗ್ರಾಹಕರ ವಾಟ್ಸಾಪ್ ಗುಂಪಿನಲ್ಲಿ ತನ್ನ ಹೆಸರಿನಲ್ಲೇ ಹಾಕಿದಳು.

“ಇಷ್ಟು ಕಡಿಮೆಗೆ ಕೇಳಿದ್ರೆ ಅವಳಿಗೆ ಅವಮಾನ ಆಗುತ್ತೆ ಕಣೇ,” ಕುಸ್ಮಂತೊನ ಮುಖ ಬಿಳಿಚಿತು.

“ಆಗ್ಲಿ ಅಂತಾನೇ ಕೇಳಿದ್ದು ಮಾಸ್,” ಎಂದಳು. ಗಂಡನನ್ನು ಅಲ್ಲಿ ಕರೆಯುವುದು ಹಾಗೆ.

ಇಷ್ಟು ಅಗ್ಗಕ್ಕೆ ಜನ ಮುಗಿಬೀಳಬೇಕಿತ್ತು. ಯಾರೂ ಬರಲಿಲ್ಲ. ಸೆಮಾರಾಂಗಿನವನು “ಅಗ್ಗಕ್ಕೆ ದಾಟಿಸಿದ ಗಾಡಿ ಶಾಪ ಹೊತ್ತು ಬರುತ್ತೆ, ಬೇಡಮ್ಮಾ, ನನಗೂ ಹೆಂಡ್ತಿ ಮಕ್ಕಳಿದಾರೆ,” ಎಂದು ಫೋನಿಟ್ಟ. ಅಂದು ಅತ್ತೆ ಬಾಗಿಲು ಹಾಕಿಕೊಂಡು ಬಂದು, ದನಿ ತಗ್ಗಿಸಿ ಉಳಿದದ್ದನ್ನೂ ಹೇಳಿದರು. ಸಾಯುವ ಮುಂಚೆ ಸೆಕಾರ್ ವೊನೊಗಿರಿಯ ಮಾಟಗಾರನನ್ನು ಕರೆಸಿದ್ದಳು. ಉದುರಿದ ತನ್ನ ಕೂದಲನ್ನು ಸೀಟಿನ ತೆಂಗಿನನಾರಿನ ಜೊತೆ ಹೊಸೆದು ಹೊಲಿಸಿದ್ದಳು. “ಇವರ ಪಕ್ಕ ಇನ್ನೊಬ್ಬಳು ಕೂರೋದನ್ನ ನಾ ನೋಡ್ಲಾರೆ ಇಬು ಅಂತ ಅತ್ತಿದ್ಲು. ಅವಳಿಗೂ ನಿನ್ನ ಹಾಗೇ ಹೊಟ್ಟೇಲಿ ಬೆಂಕಿ ಮಗಳೇ. ಮಹರ್ ಬದಲಾಯಿಸು, ಇನ್ನೂ ಕಾಲ ಮಿಂಚಿಲ್ಲ.”

“ನಾರಿದ್ರೂ ಕೂದಲಿದ್ರೂ ಗುಜರಿಯವನು ಎಲ್ಲಾ ಕಿತ್ತೆಸೀತಾನೆ ಬಿಡಿ,” ಎಂದಳು ವಿನಾರ್ನಿ. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಸತ್ತವಳೂ ಹೊಟ್ಟೆ ಉರಿದುಕೊಂಡೇ ಸತ್ತಳಲ್ಲ!

ಬಂದವನು ಗುಜರಿಯ ಸಾರ್ಕೊವಿ. ಅವನಿಗೆ ಕಾರೂ ಒಂದೇ, ಒಡೆದ ಹಂಡೆಯೂ ಒಂದೇ. ಲಾರಿಯನ್ನು ಓಣಿಯ ಬಾಯಲ್ಲಿ ನಿಲ್ಲಿಸಿ, ಹಗ್ಗ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದ. ಮುಸ್ಸಂಜೆಯ ಮಗ್ರಿಬ್ ಬಾಂಗ್ ಇನ್ನೇನು ಕೂಗುವ ಹೊತ್ತು. ಪಕ್ಕದ ಬಾಟಿಕ್ ಕಾರ್ಖಾನೆಯ ಕರಗಿದ ಮೇಣದ ವಾಸನೆ ಎತ್ತರದ ಗೋಡೆಗಳ ನಡುವೆ ನಿಂತುಬಿಟ್ಟಿತ್ತು. ಶೆಡ್ಡಿನೊಳಗೆ ಆಗಲೇ ಕತ್ತಲೆ.

ವಿನಾರ್ನಿ ಕತ್ತಲೆಯೊಳಗೆ ಹೋದಳು. ಒಂದೇ ಒಂದು ಸಲ ಅವಳ ಜಾಗದಲ್ಲಿ ಕೂರಬೇಕು. ಆ ಜಾಗ ಕೊನೆಗೆ ತನ್ನದಾಗಿ ಹೋಗಬೇಕು. ಇಷ್ಟೇ ಅವಳ ಆಸೆ. ಬಾಗಿಲು ತೆಗೆದು ಸ್ಟೀರಿಂಗಿನ ಹಿಂದೆ ಕೂತು ಬಾಗಿಲು ಎಳೆದುಕೊಂಡಳು.

ಸೀಟು ಇನ್ನೊಬ್ಬಳ ಮೈಯ ಅಳತೆಗೆ ತಗ್ಗಿತ್ತು. ಬೆಚ್ಚಗಿತ್ತು. ಈಗಷ್ಟೇ ಯಾರೋ ಎದ್ದು ಹೋದಷ್ಟು ಬೆಚ್ಚಗೆ. ಸಂಪಿಗೆಯ ವಾಸನೆ ಗಂಟಲಿಗೆ ಇಳಿಯಿತು, ಅದರಡಿಯಲ್ಲಿ ಔಷಧಿಯ, ಬೆವರಿದ ದಿಂಬಿನ ಕಮಟು. ಬೆನ್ನ ಹಿಂದೆ ಸರಸರ ಸದ್ದು. ಹೊಲಿಗೆ ಬಿಚ್ಚುವ ಸದ್ದು.

ಹೊರಗೆ ಕುಸ್ಮಂತೊ ಸಾರ್ಕೊವಿಯ ಕೈ ಹಿಡಿದದ್ದು ಗಾಜಿನಿಂದ ಕಂಡಿತು. ಗುಜರಿಯವನಾದರೇನು, ಈ ಮನೆಯಿಂದ ಹೋಗುವುದನ್ನು ಪದ್ಧತಿ ಪ್ರಕಾರವೇ ಕಳಿಸಬೇಕೆಂಬ ಹಟ ಅವನದು. “ನನ್ನ ಮನೆಯವಳು ಹೇಳಿದ ಮಹರಿಗೆ ನಿಮಗೆ ಒಪ್ಪಿಸಿದ್ದೀನಿ,” ಎಂದ.

“ಆಯ್ತು ಸ್ವಾಮಿ, ಒಪ್ಕೊಂಡೆ,” ಎಂದ ಸಾರ್ಕೊವಿ.

ನಿಕಾಹಿನಲ್ಲಿ ಈ ಮಾತಾದ ಮೇಲೆ ಸಾಕ್ಷಿಗಳು “ಸಾಹ್” ಎನ್ನಬೇಕು. ಆಗಲೇ ಅದು ಗಟ್ಟಿಯಾಗುವುದು. ಅಂಗಳದಲ್ಲಿ ಸಾಕ್ಷಿ ಯಾರೂ ಇರಲಿಲ್ಲ.

“ಸಾಹ್,” ಎಂದಿತು ವಿನಾರ್ನಿಯ ಕಿವಿಯ ಪಕ್ಕದಲ್ಲಿ ಒಂದು ಹೆಣ್ಣುದನಿ.

ಅವಳು ಹಿಡಿಗೆ ಕೈ ಹಾಕಿದಳು. ಕೈ ಏಳಲಿಲ್ಲ. ಕೂದಲು. ಮಣಿಕಟ್ಟಿಗೆ ಕೂದಲು. ಕೊರಳಿಗೆ, ಬಾಯಿಗೆ, ನಾಲಿಗೆಗೆ. ಕೂಗಿದಳು. ಸದ್ದು ಹೊರಡಲಿಲ್ಲ. ಬಾಂಗ್ ಕೂಗಿತು. ಎದೆ ಒಮ್ಮೆ ಬಡಿಯಿತು. ಮತ್ತೆ ಬಡಿಯಲಿಲ್ಲ. ಮೈ ತಣ್ಣಗಾಯಿತು. ಅಗಲವಾಯಿತು. ಭಾರವಾಯಿತು.

ಬಾಗಿಲು ತೆರೆಯಿತು. ಯಾರೋ ಇಳಿದರು. ಇಳಿದವಳ ಬೆನ್ನು ವಿನಾರ್ನಿಯ ಬೆನ್ನು. ಜಡೆ ವಿನಾರ್ನಿಯ ಜಡೆ. ಬೆರಳಿನಲ್ಲಿ ಅದೇ ಸಣ್ಣ ಉಂಗುರ. ಆಕೆ ಹೆಗಲ ಶಾಲು ಕೊಡವಿಕೊಂಡು ಕುಸ್ಮಂತೊನ ಪಕ್ಕಕ್ಕೆ ಹೋಗಿ ನಿಂತಳು. ಇದನ್ನೆಲ್ಲ ವಿನಾರ್ನಿ ನೆಲಕ್ಕೆ ಹತ್ತಿರದಿಂದ, ಎರಡು ದುಂಡು ಗಾಜುಗಳ ಒಳಗಿಂದ ನೋಡುತ್ತಿದ್ದಳು.

ಸಾರ್ಕೊವಿ ಹಗ್ಗ ಬಿಗಿದ. ಚಕ್ರಗಳು ಕಿರುಗುಟ್ಟಿದವು. ಇದ್ದಬದ್ದ ಜೀವವನ್ನೆಲ್ಲ ಒಟ್ಟುಮಾಡಿ ವಿನಾರ್ನಿ ಮತ್ತೊಮ್ಮೆ ಕೂಗಿದಳು. ವರ್ಷಗಳಿಂದ ಸತ್ತಿದ್ದ ಹಾರ್ನು ಓಣಿಯೆಲ್ಲ ಕೇಳುವ ಹಾಗೆ ಬಾಯಿಬಿಟ್ಟಿತು.

ಕುಸ್ಮಂತೊ ಬೆಚ್ಚಿದ. “ನಿಲ್ಸಿ! ನಿಲ್ಸಿ ಸ್ವಾಮಿ! ಅವಳು ಹೋಗಲ್ಲ ಅಂತಿದಾಳೆ. ಹತ್ತರಷ್ಟು ಕೊಡ್ತೀನಿ, ವಾಪಸ್ ಕೊಡಿ.”

ಸಾರ್ಕೊವಿ ತಲೆ ಕೆರೆದುಕೊಂಡ. ಹತ್ತರಷ್ಟು ಅಂದರೆ ಯಾರಿಗೆ ಬೇಡ? ಅವನ ಕೈ ಹಗ್ಗದ ಗಂಟಿನ ಕಡೆ ಹೋಯಿತು. ವಿನಾರ್ನಿಯ ಕಬ್ಬಿಣದ ಮೈಯೆಲ್ಲ ಆ ಕೈಯನ್ನೇ ನೋಡಿತು.

“ಬೇಡ ಮಾಸ್,” ಎಂದಳು ಪಕ್ಕದಲ್ಲಿದ್ದವಳು. ಗಂಡನ ತೋಳನ್ನು ನಿಧಾನವಾಗಿ ಸವರಿದಳು. ಅವನು ಅವಳ ಮುಖ ನೋಡಿದ. ನೋಡುತ್ತಲೇ ಉಳಿದ. ಅವನ ಕಣ್ಣು ತುಂಬಿತು, ತುಟಿ ಸೆಕಾರ್ ಎಂಬ ಹೆಸರಿಗೆ ತೆರೆದು ಮುಚ್ಚಿತು. ಹಾರ್ನು ಕೇಳಿ ಬಾಗಿಲಿಗೆ ಬಂದಿದ್ದ ಅತ್ತೆ ತಲೆ ತಗ್ಗಿಸಿ ಒಳಗೆ ಹೋದರು.

“ಹೋಗ್ಲಿ ಬಿಡಿ,” ಎಂದಳು ಆಕೆ. “ಅವಳೇ ಬಾಯಾರೆ ಕೇಳಿದ ಬೆಲೆ.”

ಲಾರಿ ಹೊರಟಿತು. ಗುಜರಿ ಅಂಗಳ ಸೇರಿದ ಮೇಲೆ ಸಾರ್ಕೊವಿ ಮೊದಲು ಬ್ಯಾಟರಿ ಕಿತ್ತ, ಆಮೇಲೆ ದೀಪದ ಗಾಜು ಎರಡನ್ನೂ ಬಿಚ್ಚಿದ. ನಂತರ ಗ್ಯಾಸ್ ಕಟರ್ ಹೊತ್ತಿಸಿ, ಯಾವ ಕಡೆಯಿಂದ ಕೊಯ್ದರೆ ಬೇಗ ಮುಗಿಯುತ್ತದೆ ಎಂದು ಸುತ್ತ ಒಂದು ಸುತ್ತು ಬಂದ.