ಉಂಗುರದೊಳಗಿನ ಲಂಗರು

“ಮತ್ತೆ ಕೋಲಾ ಡಬ್ಬಿ ತಗಡೇ ಇರತ್ತೆ, ಬಿಡು,” ಎಂದರು ತಾತ.

ಮಾರೆಡ್ ಬಿಡಲಿಲ್ಲ. ಲೋಹ ಪತ್ತೆಹಚ್ಚುವ ಡಿಟೆಕ್ಟರನ್ನು ಒದ್ದೆ ಮರಳಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿದಳು. ಅದೇ ಜಾಗ, ಹೆಡ್‌ಫೋನಿನಲ್ಲಿ ಅದೇ ಸದ್ದು. ಚಿನ್ನವೂ ಡಬ್ಬಿಯ ತಗಡೂ ಈ ಯಂತ್ರದ ಕಿವಿಗೆ ಒಂದೇ. ಯಾವುದು ಎಂದು ಅಗೆದ ಮೇಲೆಯೇ ಗೊತ್ತಾಗುವುದು. ಮಾರೆಡ್ ಅಗೆದಾಗಲೆಲ್ಲ ಇದುವರೆಗೆ ಸಿಕ್ಕಿದ್ದು ತಗಡು, ಮೊಳೆ, ಬಟ್ಟೆಯ ತುಕ್ಕು ಹಿಡಿದ ಗುಂಡಿ.

ಮಂಡಿಯೂರಿ ಕುಳಿತು ಅಗೆದಳು. ಬೆರಳಿಗೆ ಏನೋ ದುಂಡಗೆ ತಗುಲಿತು. ತೆಗೆದು ಸಮುದ್ರದ ನೀರಲ್ಲಿ ಅದ್ದಿದಳು. ಉಂಗುರ! ಚಿನ್ನದ್ದು!

ತಾತ ಕನ್ನಡಕ ಹಣೆಗೇರಿಸಿ ಅದನ್ನು ಕಣ್ಣಿನ ಹತ್ತಿರ ಹಿಡಿದರು. ಒಳಮೈಯಲ್ಲಿ ಒಂದು ಪುಟ್ಟ ಲಂಗರಿನ ಚಿತ್ರ ಕೊರೆದಿತ್ತು.

“ಗುರುವಾರ ಮೇಜಿನ ಮೇಲೆ ಇದನ್ನೇ ಇಡ್ತೀನಿ,” ಎಂದಳು ಮಾರೆಡ್. “ಓಸಿಯನ್ ಮುಖ ನೋಡ್ಬೇಕು ಆಗ.”

ವೇಲ್ಸಿನ ಆ ಕಡಲೂರಿನಲ್ಲಿ ಡಿಟೆಕ್ಟರ್ ಹಿಡಿದು ತಿರುಗುವವರದೇ ಒಂದು ಕ್ಲಬ್ ಇದೆ. ತಿಂಗಳ ಕೊನೆಯ ಗುರುವಾರ ಎಲ್ಲರೂ ತಮಗೆ ಸಿಕ್ಕಿದ್ದನ್ನು ಉದ್ದನೆಯ ಮೇಜಿನ ಮೇಲೆ ಜೋಡಿಸುತ್ತಾರೆ. ಹೆಚ್ಚು ಓಟು ಬಿದ್ದ ವಸ್ತುವಿಗೆ ಆ ತಿಂಗಳ ಕಪ್. ಮಾರೆಡ್‌ಳ ತರಗತಿಯ ಓಸಿಯನ್ ಒಂದು ಹಳೇ ನಾಣ್ಯ ಇಟ್ಟು ಅದನ್ನು ಆಗಲೇ ಗೆದ್ದಿದ್ದ. ಮಾರೆಡ್‌ಳ ಗುಂಡಿಗಳಿಗೆ ತಾತನ ಓಟು ಬಿಟ್ಟರೆ ಬೇರೆ ಬಿದ್ದದ್ದಿಲ್ಲ.

“ಇಡು, ಬೇಡ ಅನ್ನಲ್ಲ,” ಎಂದರು ತಾತ. “ಆದ್ರೆ ಅಷ್ಟರಲ್ಲಿ ಯಜಮಾನರು ಬಂದ್ರೆ ಕೊಟ್ಟುಬಿಡ್ಬೇಕು.”

“ಓಸಿಯನ್‌ಗೆ ಸಿಕ್ಕಿದ ನಾಣ್ಯ ಅವನೇ ಇಟ್ಕೊಂಡ ತಾನೇ?”

“ಆ ನಾಣ್ಯ ಕಳ್ಕೊಂಡವರು ಸತ್ತು ಎಷ್ಟೋ ಕಾಲ ಆಯ್ತಮ್ಮ. ಈ ಉಂಗುರ ಕಳ್ಕೊಂಡವರು ಇವತ್ತು ಊಟ ಮಾಡಿದಾರೋ ಇಲ್ವೋ.”

ದಂಡೆಯ ಮೇಲಿನ ಚಿಪ್ಸ್ ಅಂಗಡಿಯ ಕಿಟಕಿಗೆ ತಾತ ಒಂದು ಚೀಟಿ ಅಂಟಿಸಿದರು: ‘ಉಂಗುರ ಸಿಕ್ಕಿದೆ. ಗುರುತು ಹೇಳಿ ತೆಗೆದುಕೊಂಡು ಹೋಗಿ.’ ಲಂಗರಿನ ಮಾತನ್ನು ಬರೆಯಲಿಲ್ಲ. ಕ್ಲಬ್ಬಿನವರ ಪದ್ಧತಿ ಅದು. ಒಳಗಿನ ಗುರುತಿನ ಬಗ್ಗೆ ವಸ್ತು ಸಿಕ್ಕಿದವರು ಬಾಯಿ ಬಿಡಬಾರದು. ಕಳೆದುಕೊಂಡವರೇ ಹೇಳಬೇಕು.

ಗುರುವಾರದವರೆಗೆ ಯಾರೂ ಬರದಿರಲಪ್ಪಾ ಎಂದು ಬೇಡಿಕೊಳ್ಳುತ್ತಲೇ ಮಾರೆಡ್ ಮಲಗಿದಳು.

ಮರುದಿನ ಶಾಲೆಯಲ್ಲಿ ಓಸಿಯನ್ ಎಂದಿನಂತೆ ಶುರುಮಾಡಿದ. ಈ ಸಲ ಯಾವ ಗುಂಡಿ ತರುತ್ತೀಯ, ಅಂಗಿಯದ್ದೋ ಚಡ್ಡಿಯದ್ದೋ ಎಂದು ಕೇಳಿದ. ಸುತ್ತ ನಿಂತವರು ನಕ್ಕರು. ಮಾರೆಡ್‌ಗೆ ಮೈಯೆಲ್ಲ ಉರಿಯಿತು.

“ಚಿನ್ನದ ಉಂಗುರ ತರ್ತೀನಿ. ಒಳಗೆ ಲಂಗರು ಕೊರೆದಿರೋದು!”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆಡಿದ ಮಾತು, ಒಡೆದ ಮುತ್ತು. ಊಟದ ಬೆಲ್ ಹೊಡೆಯುವ ಹೊತ್ತಿಗೆ ಇಡೀ ಶಾಲೆಗೆ ಲಂಗರಿನ ಸುದ್ದಿ ಗೊತ್ತಾಗಿತ್ತು. ದಿನಾ ಊಟ ಬಡಿಸುವ ಲೋವ್ರಿ ಆಂಟಿ ಅಂದು ಜ್ವರವೆಂದು ಬಂದಿರಲಿಲ್ಲ. ಇದ್ದಿದ್ದರೆ ಅವರ ಕಿವಿಗೂ ಬೀಳುತ್ತಿತ್ತು.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಕೆಂಪು ಕೋಟಿನ ಹೆಂಗಸೊಬ್ಬರು. ಉಂಗುರ ತನ್ನದು, ಒಳಗೆ ಲಂಗರಿದೆ ಎಂದರು. ತಾತನ ಮುಖ ಅರಳಿತು. ಒಳಗೆ ಹೋಗಿ ಬೆಂಕಿಪೊಟ್ಟಣದಿಂದ ಉಂಗುರ ತೆಗೆಯುವಷ್ಟರಲ್ಲಿ ಇನ್ನೊಬ್ಬ ಬಂದ. ಅವನೂ ಲಂಗರು ಎಂದ. ಬಾಗಿಲಲ್ಲೇ ಇಬ್ಬರಿಗೂ ಜಗಳ ಹತ್ತಿತು.

ತಾತ ಇಬ್ಬರನ್ನೂ ಸಮಾಧಾನ ಮಾಡಿ ಕಳಿಸಿ, ಮಾರೆಡ್‌ಳ ಕಡೆ ತಿರುಗಿದರು. ಅವಳೇ ಎಲ್ಲ ಹೇಳಿದಳು. ತಾತ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಸುಮ್ಮನೆ ಟೀ ಕಾಯಿಸಲು ಹೋದರು. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಬುಧವಾರ ಓಸಿಯನ್ ಹೊಸ ಉಪಾಯ ಹೇಳಿದ. “ಯಾರದ್ದು ಅಂತ ಇನ್ಮೇಲೆ ಯಾರಿಗೂ ಗೊತ್ತಾಗಲ್ಲ. ಅಂದ್ಮೇಲೆ ನಿಂದೇ ಅಲ್ವಾ? ಆರಾಮಾಗಿ ಇಟ್ಕೋ.”

ಮಾತು ಸಿಹಿಯಾಗಿಯೇ ಇತ್ತು. ಆದರೆ ಊಟ ಮಾಡಿದ್ದಾರೋ ಇಲ್ಲವೋ ಎಂದ ತಾತನ ಮಾತು ಅವಳ ತಲೆಯಿಂದ ಹೋಗಿರಲಿಲ್ಲ. ಕೆಡಿಸಿದ್ದು ತಾನು, ಸರಿ ಮಾಡಬೇಕಾದವಳೂ ತಾನೇ. ಲೆಕ್ಕದ ಪೀರಿಯಡ್‌ನಲ್ಲಿ ಕೂತು ಅದನ್ನೇ ಯೋಚಿಸಿದಳು. ಸುದ್ದಿ ಕೇಳಿದವರು ಮನೆ ಬಾಗಿಲಿಗೆ ಬಂದರು. ನಿಜವಾಗಿ ಕಳೆದುಕೊಂಡವರು ಎಲ್ಲಿಗೆ ಹೋಗುತ್ತಾರೆ? ಕಳೆದುಕೊಂಡ ಜಾಗಕ್ಕೇ.

“ತಾತ, ನೀರು ಇಳಿಯೋ ಹೊತ್ತಿಗೆ ದಂಡೆಗೆ ಹೋಗೋಣ. ದಿನಾ ಹೋಗೋಣ,” ಎಂದಳು.

ಅಂದು ಸಂಜೆ ಕಡಲ ಗೋಡೆಯ ಮೇಲೆ ಇಬ್ಬರೂ ಕುಳಿತರು. ಮಳೆ ಹೊಡೆಯಿತು. ಒಂದು ನಾಯಿ, ಅದರ ಯಜಮಾನ ಬಿಟ್ಟರೆ ನರಪಿಳ್ಳೆಯೂ ಬರಲಿಲ್ಲ. ಮನೆಗೆ ಹೋಗೋಣ ಎಂದು ತಾತ ಹೇಳಿದಾಗಲೆಲ್ಲ ಮಾರೆಡ್ ಇನ್ನೂ ಸ್ವಲ್ಪ ಎಂದಳು. ಕತ್ತಲಾದ ಮೇಲೆಯೇ ಎದ್ದಳು.

ಗುರುವಾರ ಕ್ಲಬ್ಬಿಗೆ ಹೊರಡುವ ಮುಂಚೆ ಮತ್ತೆ ಹೋದರು. ನೀರಿನಂಚಿನಲ್ಲಿ ಯಾರೋ ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಅಡುಗೆಮನೆಯ ಜರಡಿ. ಮರಳು ತುಂಬುವುದು, ಅಲ್ಲಾಡಿಸುವುದು, ನೋಡುವುದು, ಚೆಲ್ಲುವುದು. ಮಾರೆಡ್ ಓಡಿದಳು.

ಲೋವ್ರಿ ಆಂಟಿ! ಮೂಗು ಕೆಂಪಗಾಗಿತ್ತು. ಎಡಗೈಯ ಒಂದು ಬೆರಳಿನಲ್ಲಿ ಬಿಳಿ ಗೆರೆ ಕಾಣುತ್ತಿತ್ತು.

“ಆಂಟಿ, ಏನು ಹುಡುಕ್ತಿದೀರ?”

ಅವರು ಗಾಬರಿಯಿಂದ ಆಚೀಚೆ ನೋಡಿದರು. ಭಾನುವಾರ ಇಲ್ಲಿ ಈಜಿದ್ದರಂತೆ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ, ಉಂಗುರ ಜಾರಿಹೋಯಿತಂತೆ. ಅದು ಅವರ ಮದುವೆಯಲ್ಲಿ ಅತ್ತೆ ತಮ್ಮ ಬೆರಳಿನಿಂದ ತೆಗೆದು ತೊಡಿಸಿದ ಉಂಗುರ. ಆ ಅತ್ತೆ ನಾಳೆ ಬೆಳಿಗ್ಗೆ ಬರುವವರಿದ್ದರು. ಯಾರಿಗಾದರೂ ಹೇಳಿದರೆ ಅವರಿಗೆ ತಲುಪೀತು ಎಂದು ಹೆದರಿ, ಜ್ವರದಲ್ಲೂ ಒಬ್ಬರೇ ಜರಡಿ ಹಿಡಿದು ಬಂದಿದ್ದರು.

ಇವರದೇ ಎಂದು ಮಾರೆಡ್‌ಳ ಮನಸ್ಸು ಹೇಳಿತು. ಕೊಟ್ಟೇಬಿಡೋಣ ಎನ್ನಿಸಿತು. ಆದರೆ ಈ ಸಲ ಅವಳು ಆತುರಪಡಲಿಲ್ಲ.

“ಒಳಗೆ ಏನಾದ್ರೂ ಗುರುತು ಇದೆಯಾ?”

“ಲಂಗರು ಇದೆ.”

“ಲಂಗರು ಬಿಟ್ಟು?”

ಆಂಟಿ ಮತ್ತೆ ಆಚೀಚೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. “ನಮ್ಮತ್ತೆ ಬೆರಳು ದಪ್ಪ. ಅವರಿಗೆ ಗೊತ್ತಾಗದ ಹಾಗೆ ಉಂಗುರ ಕತ್ತರಿಸಿ, ಚಿಕ್ಕದು ಮಾಡಿಸಿ, ಬೆಸುಗೆ ಹಾಕಿಸಿದ್ದೆ. ಲಂಗರಿನ ಎದುರುಗಡೆ ಒಂದು ಗೆರೆ ಇದೆ. ಕಣ್ಣಿಗೆ ಕಾಣಲ್ಲ, ಉಗುರಿಗೆ ಸಿಗತ್ತೆ.”

ತಾತ ಬೆಂಕಿಪೊಟ್ಟಣ ತೆರೆದರು. ಮಾರೆಡ್ ಉಂಗುರದ ಒಳಮೈಯಲ್ಲಿ ಉಗುರು ಆಡಿಸಿದಳು. ಲಂಗರಿನ ಎದುರಿಗೆ ಉಗುರಿಗೆ ಏನೋ ಸಣ್ಣಗೆ ತಡೆಯಿತು. ಮತ್ತೊಮ್ಮೆ ಆಡಿಸಿದಳು, ಅಲ್ಲೇ ತಡೆಯಿತು.

ಅವಳು ಉಂಗುರ ಚಾಚಿದಾಗ ಲೋವ್ರಿ ಆಂಟಿ ಮರಳಿನ ಮೇಲೆ ಹಾಗೇ ಕೂತುಬಿಟ್ಟರು. ಅತ್ತರು, ನಕ್ಕರು, ಜರಡಿಯನ್ನು ಎದೆಗೆ ಒತ್ತಿಕೊಂಡರು. ನಿನಗೇನು ಬೇಕು ಕೇಳು ಎಂದರು.

ಮಾರೆಡ್‌ಗೆ ಬೇಕಾಗಿದ್ದು ಒಂದೇ. “ಇವತ್ತೊಂದು ಗಂಟೆ ಕ್ಲಬ್ಬಿನ ಮೇಜಿನ ಮೇಲೆ ಇಡಲಾ?”

ಆಂಟಿಯ ಮುಖ ಬಾಡಿತು. ಕ್ಲಬ್ಬಿನಲ್ಲಿ ಓಟು ಎಣಿಸುವ ಗ್ಲಾಡಿಸ್ ಅವರ ಅತ್ತೆಯ ಸ್ವಂತ ತಂಗಿ. ಉಂಗುರ ಕಂಡರೆ ಅದೇ ರಾತ್ರಿ ಅಕ್ಕನಿಗೆ ಫೋನ್ ಹೋಗುತ್ತಿತ್ತು. ಆದರೂ ಆಂಟಿ ಉಂಗುರವನ್ನು ಮುಂದೆ ಹಿಡಿದರು.

“ಹುಡುಕಿದವಳು ನೀನು. ಇಡು ಪುಟ್ಟಾ, ಬಂದದ್ದು ಬರಲಿ.”

ಮಾರೆಡ್ ಉಂಗುರ ನೋಡಿದಳು. ತಾತನ ಕಡೆ ನೋಡಿದಳು. ತಾತ ಸಮುದ್ರ ನೋಡುತ್ತಿದ್ದರು. ಕಪ್ ಬೇಕು ಅಂತ ಅವಳಿಗೆ ತುಂಬಾ ಆಸೆಯಿತ್ತು.

“ಬೆರಳಿಗೆ ಹಾಕ್ಕೊಳ್ಳಿ ಆಂಟಿ,” ಎಂದಳು. “ನಾನು ಯಾರಿಗೂ ಹೇಳಲ್ಲ.”

ಅಂದು ಕ್ಲಬ್ಬಿನಲ್ಲಿ ಅವಳು ಮೇಜಿನ ಮೇಲಿಟ್ಟದ್ದು ಒಂದು ಗುಂಡಿ. ಓಸಿಯನ್ ಬಿಟ್ಟಾನೆಯೇ? ಉಂಗುರವೆಲ್ಲಿ ಎಂದ. ಸುಳ್ಳುಬುರುಕಿ ಎಂದ. ಎಲ್ಲರೆದುರು ಎರಡೆರಡು ಸಲ ಎಂದ. ಮಾರೆಡ್‌ಳ ನಾಲಿಗೆ ತುದಿಗೆ ಮಾತು ಬಂದಿತ್ತು. ಯಾರದ್ದೋ ಅವರಿಗೆ ಸೇರಿತು ಎಂದಷ್ಟೇ ಹೇಳಿ ಸುಮ್ಮನಾದಳು. ಕಪ್ ಓಸಿಯನ್‌ಗೆ ಹೋಯಿತು. ಗುಂಡಿಗೆ ತಾತನ ಓಟು ಬಿತ್ತು.

ಮನೆಗೆ ಬಂದು ಅವಳು ದಿಂಬಿಗೆ ಮುಖ ಒತ್ತಿ ಸ್ವಲ್ಪ ಅತ್ತಳು. ತಾತ ಚಿಪ್ಸ್ ಅಂಗಡಿಗೆ ಹೋಗಿ ಚೀಟಿ ಕಿತ್ತು ಬಂದರು, ಬರುವಾಗ ಬಿಸಿ ಚಿಪ್ಸ್ ತಂದರು.

ಶುಕ್ರವಾರ ಮಧ್ಯಾಹ್ನ ಊಟದ ಸಾಲಿನಲ್ಲಿ ಓಸಿಯನ್ ಅವಳ ಮುಂದೆಯೇ ನಿಂತಿದ್ದ. ಇವತ್ತಾದರೂ ಹೇಳು, ಯಾರದ್ದು ಆ ಉಂಗುರ ಎಂದು ಪೀಡಿಸುತ್ತಿದ್ದ. ಲೋವ್ರಿ ಆಂಟಿ ಕೆಲಸಕ್ಕೆ ಬಂದಿದ್ದರು. ಮೂಗು ಇನ್ನೂ ಕೆಂಪಗೇ ಇತ್ತು. ಅವನ ತಟ್ಟೆಗೆ ಆಲೂಗಡ್ಡೆ ಬಡಿಸಿದರು. ಅವನು ತಟ್ಟೆ ನೋಡಿದ, ಕೈ ನೋಡಲಿಲ್ಲ.

ಮಾರೆಡ್‌ಳ ಸರದಿ ಬಂತು. ಆಂಟಿ ಎಡಗೈಯಿಂದ ಅವಳ ತಟ್ಟೆಯ ಅಂಚು ಹಿಡಿದರು. ಟಿಣ್ ಎಂದು ಸಣ್ಣ ಸದ್ದಾಯಿತು.

ತಗಡಿನ ಸದ್ದಲ್ಲ ಅದು. ಅಗೆದು ನೋಡದೆಯೇ ಮಾರೆಡ್‌ಗೆ ಗೊತ್ತಾಯಿತು.