ಐದಕ್ಕಿಂತ ಹೆಚ್ಚು

"ನಾನು ಹಾಕಿದ ಮಾರ್ಕ್ಸ್ ಪಕ್ಕ ಪೆನ್ಸಿಲ್‌ನಲ್ಲಿ ಗೀಚಿದ್ದು ಯಾರು?"

ಸ್ಟಾಫ್ ರೂಮಿನ ಮೂಲೆಯಿಂದ ಬಿ ಸೆಕ್ಷನ್ನಿನ ಇತಿಹಾಸದ ಮೇಷ್ಟ್ರು ಮೆಲ್ಲಗೆ ಕೈ ಎತ್ತಿದರು. "ಸರ್ಕ್ಯುಲರ್ ಓದಿಲ್ವಾ ಮೇಡಂ? ಈ ವರ್ಷದಿಂದ ಪ್ರತಿ ಪೇಪರನ್ನೂ ಇಬ್ಬರು ತಿದ್ದಬೇಕು. ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಕೂತು ಮಾತಾಡ್ಬೇಕು."

ಓದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ನಾನು ಯಾವುದನ್ನೂ ಪೂರ್ತಿ ಓದುತ್ತಿರಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಮೂವತ್ತೊಂದು ಪೇಪರಿಗೆ ವ್ಯತ್ಯಾಸ. ಸಂಜೆ ಶಾಲೆ ಬಿಟ್ಟ ಮೇಲೆ ಕಿಟಕಿಯ ಪಕ್ಕ ಕೂತೆವು.

"ಈ ಹುಡುಗಿಗೆ ಹನ್ನೆರಡೇನಾ? ಉತ್ತರ ಸರಿ ಇದೆಯಲ್ಲ."

"ಅಕ್ಷರ ಕಾಗೆ ಕಾಲು."

"ನಾವು ಮಾರ್ಕ್ಸ್ ಕೊಡ್ತಿರೋದು ಇತಿಹಾಸಕ್ಕಾ, ಕಾಗೆಗಾ?"

ನಕ್ಕುಬಿಟ್ಟೆ. ನನ್ನ ನಗು ನನಗೇ ಕೇಳಿ ಬೆಚ್ಚಿದೆ. ಅವರು ನೋಡಿದರು. ನೋಡದವರಂತೆ ಪೆನ್ಸಿಲ್ ಚೂಪು ಮಾಡತೊಡಗಿದರು.

ಆಮೇಲೆ ಯಾವುದಕ್ಕೆ ಎಷ್ಟು ಎಂದು ಪಟ್ಟಿ ಮಾಡಿದೆವು. ಕಾರಣ ಹೇಳಿದ್ದಕ್ಕೆ ಇಷ್ಟು, ಪುರಾವೆಗೆ ಇಷ್ಟು, ಅಕ್ಷರಕ್ಕೆ ಏನೂ ಇಲ್ಲ. ಎರಡನೆಯ ಪರೀಕ್ಷೆಯಲ್ಲಿ ಹದಿನಾಲ್ಕು, ಮೂರನೆಯದರಲ್ಲಿ ನಾಲ್ಕೇ ಪೇಪರಿಗೆ ವ್ಯತ್ಯಾಸ. ಹೆಡ್‌ಮಿಸ್ ಭೇಷ್ ಎಂದರು. ಮಕ್ಕಳಿಗೆ ನ್ಯಾಯ ಸಿಗುತ್ತಿತ್ತು. ನನ್ನ ಸಂಜೆಗಳು ಖಾಲಿಯಾಗುತ್ತಿದ್ದವು.

"ಈಗೀಗ ಬೇಗ ಬರ್ತೀಯಲ್ಲ," ಎಂದರು ಅತ್ತೆ.

"ಕೆಲಸ ಕಡಿಮೆ ಅತ್ತೆ."

ಅವರು ಬಟ್ಟೆ ಮಡಿಸುತ್ತಲೇ ಇದ್ದರು. "ಲೇಟಾಗಿ ಬರ್ತಿದ್ದಾಗ ಮುಖದಲ್ಲಿ ಕಳೆ ಇತ್ತು ಕಣಮ್ಮ."

ಕೊನೆಯ ಪರೀಕ್ಷೆ. ಒಂದೇ ಒಂದು ಪೇಪರಿಗೆ ಆರು ಅಂಕ ಕಡಿಮೆ ಹಾಕಿದ್ದರೆ ಸಾಕಿತ್ತು, ಒಂದು ಸಂಜೆ ಸಿಗುತ್ತಿತ್ತು. ಪೆನ್ ಎತ್ತಿಯೂ ಎತ್ತಿದೆ. ಕಾಗೆ ಕಾಲಿನ ಹುಡುಗಿಯ ಪೇಪರು. ಎಷ್ಟು ಚೆನ್ನಾಗಿ ಬರೆದಿದ್ದಳು. ಕೈ ಬರಲಿಲ್ಲ. ಅವಳಿಗೆ ಸಲ್ಲಬೇಕಾದ್ದನ್ನೇ ಹಾಕಿ ಪೇಪರಿನ ಕಟ್ಟನ್ನು ಅವರಿಗೆ ಕಳಿಸಿದೆ.

ಮರುದಿನ ಸಂಜೆ ಅವರು ಕಟ್ಟನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದರು.

"ಒಂದೂ ಇಲ್ಲ ಮೇಡಂ. ಒಂದಾದ್ರೂ ಸಿಗತ್ತೇನೋ ಅಂತ ಎರಡು ಸಲ ನೋಡಿದೆ."

"ನಿಮ್ಮ ಸೆಕ್ಷನ್ ಕಟ್ಟಲ್ಲಿ ನಾನೂ ನೋಡಿದೆ."

ಅವರು ಪೆನ್ಸಿಲ್ ಜೇಬಿಗೆ ಹಾಕಿಕೊಂಡು ಬಾಗಿಲ ಕಡೆ ತಿರುಗಿದರು.

"ಆ ಸರ್ಕ್ಯುಲರ್ ಓದಿದೆ ಸರ್," ಎಂದೆ.

"ಈಗಾ?"

"ಪೂರ್ತಿ ಓದಿದೆ. ವ್ಯತ್ಯಾಸ ಇಲ್ಲದಿದ್ರೆ ಕೂರ್ಬಾರ್ದು ಅಂತ ಎಲ್ಲೂ ಬರೆದಿಲ್ಲ."

ಅವರು ಹಿಂತಿರುಗಿ ಬಂದು, ಕಿಟಕಿಯ ಪಕ್ಕದ ಕುರ್ಚಿಯನ್ನು ಸದ್ದಾಗದಂತೆ ಎಳೆದುಕೊಂಡರು.