ಫೋಟೊದ ಮೂಲೆಯಲ್ಲಿದ್ದ ಹೆಸರು

"ಈಕಿ ಯಾರ್ರಿ?"

ಅಫಜಲಪುರದ ಆ ಪುಟ್ಟ ಸ್ಟುಡಿಯೊದ ಮೇಜಿನ ಮೇಲೆ ಮಹಾನಂದಾ ತನ್ನದೇ ಫೋಟೊ ಇಟ್ಟಳು. ವರನ ಕಡೆಯವರಿಗೆ ಕಳಿಸಲು ತೆಗೆಸಿದ್ದು. ಅವಳದೇ ಕಣ್ಣು, ಅವಳದೇ ಮೂಗುತಿ... ಮೈಬಣ್ಣ ಮಾತ್ರ ಯಾರದೋ!

ಫೋಟೊ ತೆಗೆದಿದ್ದ ಧಮ್ಮಪಾಲ ತಲೆ ಎತ್ತಿದ. "ನೀವೇ ಅಲ್ರಿ..."

"ನಾ ಇಷ್ಟು ಬೆಳ್ಳಗ ಅದೀನೇನ್ರಿ? ಗ್ವಾಡಿಗಿ ಸುಣ್ಣಾ ಹಚ್ಚಿದಂಗ ಹಚ್ಚೀರಿ!"

ಅವನು ಫೋಟೊವನ್ನು ಮೇಜಿನ ಮೇಲೆ ಬೋರಲು ಹಾಕಿದ.

"ತಪ್ಪಾತ್ರಿ."

ಅಷ್ಟೇ! ಇವನ ಕಣ್ಣಿಗೂ ನಾನು ತಿದ್ದಬೇಕಾದವಳೇ?... ಫೋಟೊ ತೆಗೆಯುವಾಗ "ಹಂಗಽ ಇರ್ರಿ, ಭಾಳ ಚೊಲೊ ಕಾಣಾಕತ್ತೀರಿ" ಅಂದಿದ್ದನಲ್ಲ! ಆಗ ನನ್ನೆದೆ ಝಲ್ಲೆಂದಿತ್ತಲ್ಲ!

ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗಿನಿಂದ ಅವಳು ಬಸ್ಸಿನ ಕಿಟಕಿಗೊರಗಿ ಮೊಬೈಲಿನಲ್ಲಿ ಒಂದು ಆನ್‌ಲೈನ್ ಪತ್ರಿಕೆ ಓದುತ್ತಿದ್ದಳು. ಅಮೆರಿಕದ ಕಪ್ಪು ಹೆಣ್ಣುಮಕ್ಕಳು ತಮಗಾಗಿ ನಡೆಸುವ ಪತ್ರಿಕೆ. ಗುಂಗುರು ಕೂದಲಿನ ಆರೈಕೆ, ಕಪ್ಪು ಮೈಗೆ ಒಪ್ಪುವ ಹಳದಿ ಅಂಗಿ, ಮುರಿದ ಪ್ರೀತಿಯ ಮಾತು... ಬೆಳ್ಳಗಾಗು ಎಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಅವರೆಲ್ಲ ಅವಳು ಕಾಣದ ಅಕ್ಕಂದಿರು.

ಅದರ ಓದುಗರ ಅಂಕಣಕ್ಕೆ ಈ ಸುಣ್ಣ ಹಚ್ಚಿದ ಕಥೆಯನ್ನು ಅಂದೇ ಬರೆದಳು. ಮೊಬೈಲಿನಲ್ಲಿ ತಾನೇ ತೆಗೆದುಕೊಂಡ ಚಿತ್ರದ ಪಕ್ಕ ಆ ಫೋಟೊ. ಪ್ರಕಟವಾಯಿತು! ಹಿಗ್ಗಿನಲ್ಲಿ ಕನ್ನಡದಲ್ಲೂ ಬರೆದು ಫೋಟೊ ಸಮೇತ ಸ್ಟೇಟಸ್ಸಿಗೆ ಹಾಕಿದಳು. ಆಳಂದ, ಜೇವರ್ಗಿಯ ಗೆಳತಿಯರು ಹಂಚಿದರು. ಅದನ್ನು ನೋಡಿ ವರನ ಕಡೆಯವರು ಸಂಬಂಧ ಕೈಬಿಟ್ಟರು. ಅವಳಿಗೆ ಬೇಸರವೇನೂ ಆಗಲಿಲ್ಲ.

ಆದರೆ ಫೋಟೊದ ಮೂಲೆಯಲ್ಲಿ ಸ್ಟುಡಿಯೊ ಹೆಸರಿತ್ತು. ಅದನ್ನು ಅಳಿಸಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ.

"ಏ ಸುಣ್ಣದ ಧಮ್ಮಾ, ನಮ್ಮ ಎಮ್ಮಿಗೂ ಒಂದ್ ಕೋಟ್ ಬಡಿಯಲೇ!" ಎಂದು ಅಂಗಡಿ ಮುಂದೆ ಜನ ಕೂಗುತ್ತಿದ್ದರಂತೆ.

ಸುದ್ದಿ ಕೇಳಿ ಅವಳ ತಾಯಿ ದ್ರೌಪದಿ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು.

"ಅವಂದೇನ್ ತಪ್ಪಿಲ್ಲ ಯವ್ವಾ... ಬೆಳ್ಳಗ ಮಾಡಂತ ನಾನಽ ಹೇಳಿದ್ದೆ. 'ಬ್ಯಾಡ್ರಿ ಮಾವಶಿ, ಆಕಿ ಇದ್ದಂಗಽ ಚಂದ ಅದಾಳ' ಅಂದ. ನಾ ಕೈ ಮುಗದೆ. ನಿನಗ ಹೇಳಬಾರದಂತ ಮಾತೂ ತಗೊಂಡಿದ್ದೆ."

ಅಯ್ಯೋ... ಮಾತು ಉಳಿಸಿಕೊಂಡವನ ಹೆಸರನ್ನು ನಾನು ಕೆಡಿಸಿದೆನಲ್ಲ!

ಬರಹವನ್ನು ತೆಗೆಸಿದಳು. ಹಂಚಿಹೋದದ್ದು ಮಾತ್ರ ಹಿಂದಿರುಗಲಿಲ್ಲ.

ಮರುದಿನ ಅವಳು ಹೋದಾಗ ಸ್ಟುಡಿಯೊದಲ್ಲಿ ಗಿರಾಕಿಗಳಿರಲಿಲ್ಲ, ಧಮ್ಮಪಾಲ ಒಬ್ಬನೇ ಇದ್ದ. ಗೋಡೆಯ ಮೇಲೆ ಹೊಸ ಹಲಗೆ: 'ಇಲ್ಲಿ ಮೈಬಣ್ಣ ಬದಲಿಸುವುದಿಲ್ಲ.'

"ಅವತ್ತಽ ಯಾಕ ಹೇಳಲಿಲ್ರಿ?" ಅವಳು ಮೇಜಿನ ಮುಂದೆ ನಿಂತು ಕೇಳಿದಳು.

"ನಿಮ್ಮವ್ವಗ ಮಾತು ಕೊಟ್ಟಿದ್ದೆ. ಮತ್ತ... ಬಣ್ಣ ತೆಗದದ್ದು ನನ್ನ ಕೈನಽ ಅಲ್ರಿ? ನೀವು ಬರದದ್ದು ಖರೇನಽ ಇತ್ತು."

"ಗಿರಾಕಿ?"

"ಮದುವಿ ಫೋಟೊದವ್ರು ಬ್ಯಾರೆ ಕಡೆ ಹೊಂಟಾರ. ಆಧಾರ್ ಕಾರ್ಡಿನ್ಯಾಗ ಹೆಂಗಿದ್ರೂ ನಡೀತದ ಅನ್ನೋರು ಬರ್ತಾರ್ರಿ." ಅವನು ನಕ್ಕ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ನಗು ತಾಳಲಾಗಲಿಲ್ಲ... ಅಲ್ಲೇ ಸ್ಟೂಲಿನ ಮೇಲೆ ಕುಳಿತಳು.

"ಇನ್ನೊಂದು ಫೋಟೊ ತೆಗೀರಿ."

"ಅಳಬ್ಯಾಡ್ರಿ ಮತ್ತ. ಕಣ್ಣೀರೂ ಅಳಸಾಂಗಿಲ್ಲ ನಾ."

ಕ್ಲಿಕ್!

"ಇದು... ಯಾವ ಊರಿನ ವರಗ ಕಳಸೋದ್ರಿ?" ಅವನ ದನಿ ಸಣ್ಣಗಾಗಿತ್ತು.

ಅವಳು ವೇಲಿನ ತುದಿ ಹಿಂಡಿದಳು. "ಎಲ್ಲೂ ಬ್ಯಾಡ್ರಿ. ನನ್ನ ಮ್ಯಾಲ ಸಿಟ್ಟಿಲ್ಲಂದ್ರ... ನಿಮ್ಮ ಹತ್ರ ಇರಲಿ."

ಧಮ್ಮಪಾಲ ಮೆಲ್ಲಗೆ ಕ್ಯಾಮೆರಾ ಕೆಳಗಿಟ್ಟ.

"ಫೋಟೊ ಅಷ್ಟೇನ್ರಿ?"

ಮಹಾನಂದಾ ತಲೆ ತಗ್ಗಿಸಿದಳು. ಆಮೇಲೆ, ಅಷ್ಟೇ ಅಲ್ಲವೆಂದು ತಲೆ ಆಡಿಸಿದಳು.